ಪುರಭವನದ ಚಿತ್ರದಲ್ಲಿ ಅಬೀನಾ ಟೂಮಿಯ ತೋಳು

ಸಾಲ್ಟ್‌ಹ್ಯಾಮಿನಲ್ಲಿ ಸೋಮವಾರ ಬೆಳಿಗ್ಗೆ ಬಟ್ಟೆ ಒಗೆಯದ ಮನೆಯೆಂದರೆ ಒಂದೋ ಅಲ್ಲಿ ಸಾವಾಗಿರಬೇಕು, ಇಲ್ಲವೇ ಬೇಸಿಗೆ ಕಳೆಯಲು ಬಾಸ್ಟನ್ನಿನಿಂದ ಬಂದವರು ಅಲ್ಲಿ ಬಾಡಿಗೆಗಿರಬೇಕು. ಈ ಊರು ಕಟ್ಟಿದ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಕಟ್ಟಾ ಪ್ರೊಟೆಸ್ಟೆಂಟರು, ಸಾವಿರದ ಆರುನೂರ ಮೂವತ್ತಾರರಲ್ಲಿ ಹಡಗಿನಿಂದ ಇಳಿದರಲ್ಲ, ಇಳಿದ ಮೊದಲ ಸೋಮವಾರವೇ ಅವರ ಹೆಂಗಸರು ಹಳ್ಳದ ದಂಡೆಯಲ್ಲಿ ಕುಳಿತು ಮೂರು ತಿಂಗಳ ಕೊಳೆ ಒಗೆದರಂತೆ. ಅಂದಿನಿಂದ ಇಂದಿನವರೆಗೆ ಸೋಮವಾರ ಒಗೆಯುವ ದಿನ. ಯಾರ ಮನೆಯ ಹಗ್ಗದ ಮೇಲೆ ಮೊದಲು ದುಪ್ಪಟಿ ಹಾರಾಡಿತು ಎಂಬುದರ ಮೇಲೆ ಇಲ್ಲಿನ ಗೃಹಿಣಿಯರ ಮಾನ ನಿಂತಿರುತ್ತದೆ. ಏಳು ಗಂಟೆಗೆ ಒಣಹಾಕಿದವಳು ಎಂಟು ಗಂಟೆಗೆ ಒಣಹಾಕಿದವಳನ್ನು ಒಂದು ವಾರ ಮೇಲಿನಿಂದ ಕೆಳಕ್ಕೆ ನೋಡುತ್ತಾಳೆ. ಊರಿನ ಹಿರಿಮೆಯ ಬಗ್ಗೆ ಭಾಷಣ ಮಾಡುವವರೆಲ್ಲ ಆ ಮೊದಲ ಸೋಮವಾರದ ಕಥೆಯನ್ನು ಹೇಳದೆ ಕೆಳಗಿಳಿಯುವುದಿಲ್ಲ. ಒಗೆಯುವ ಕೆಲಸ ಮಾತ್ರ ಭಾಷಣದಲ್ಲಿ ಬಹಳ ಹಗುರವಾಗಿರುತ್ತದೆ.

ಈ ಊರಿಗೆ ಅಬೀನಾ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಕಾರ್ಕ್ ಸೀಮೆಯ ಕ್ಯಾಥೊಲಿಕ್ ಮನೆಯಿಂದ. ಗ್ಯಾಸ್ ಕಾರ್ಖಾನೆಯ ಕಾನ್ ಟೂಮಿಯನ್ನು ಮದುವೆಯಾದಳು. ಆರು ವರ್ಷಕ್ಕೆ ಅವನ ಎದೆ ಹೊಗೆ ತಿಂದು ಕೈಕೊಟ್ಟಿತು, ಅವನು ತೀರಿಕೊಂಡ. ಅತ್ತು ಮುಗಿಸಿ, ಬಂದರು ಓಣಿಯಲ್ಲಿ ಎರಡು ಕೋಣೆ ಹಿಡಿದು, ಹಿತ್ತಲಿನಲ್ಲಿ ನಾಲ್ಕು ಹಂಡೆ ಹೂಡಿ ಲಾಂಡ್ರಿ ಇಟ್ಟಳು. ಕಾಲರಿಗೆ ಅವಳಷ್ಟು ಹದವಾಗಿ ಗಂಜಿ ಹಾಕುವವರು ಸುತ್ತಮುತ್ತ ಯಾರೂ ಇರಲಿಲ್ಲ. ಪಾದ್ರಿಯ ಕಾಲರು, ಬ್ಯಾಂಕಿನವರ ಅಂಗಿತೋಳಿನ ಕಫು, ಬೆಟ್ಟದ ಮೇಲಿನ ದೊಡ್ಡ ಮನೆಗಳ ಮೇಜುವಸ್ತ್ರ, ಎಲ್ಲವೂ ಅವಳ ಕೈಯಲ್ಲಿ ಹಾಯ್ದೇ ಬೆಳ್ಳಗಾಗುತ್ತಿದ್ದವು. ಹಿಂಬಾಗಿಲಲ್ಲಿ ಬುಟ್ಟಿ ಇಸಿದುಕೊಳ್ಳುವುದು, ಹಿಂಬಾಗಿಲಲ್ಲೇ ಕೊಡುವುದು. ಅವಳನ್ನು ಯಾರೂ ಕೆಟ್ಟದಾಗಿ ನಡೆಸಿಕೊಂಡವರಲ್ಲ. ಯಾರೂ ಸರಿಯಾಗಿ ನೋಡಿದವರೂ ಅಲ್ಲ. ಇಪ್ಪತ್ತಾರು ವರ್ಷ ಊರು ನೋಡಿದ್ದು ಅವಳು ತಂದ ಬಟ್ಟೆಯನ್ನು.

ಊರಿಗೆ ಇನ್ನೂರ ಎಪ್ಪತ್ತೈದು ತುಂಬುವ ವರ್ಷ ಹತ್ತಿರ ಬಂತು. ಹೊಸ ಪುರಭವನದ ದೊಡ್ಡ ಗೋಡೆಗೆ ಮೊದಲ ಸೋಮವಾರದ ಚಿತ್ರ ಬರೆಸಬೇಕೆಂದು ಸಮಿತಿ ತೀರ್ಮಾನಿಸಿತು. ಬರೆಯಲು ಸಿಕ್ಕವನು ಎಲರಿ ವಿನ್ಸ್ಲೇಡ್. ಬಂದರಿನಲ್ಲಿ ಹಿಂದೆ ಹಾಯಿಪಟ ಹೊಲಿಯುತ್ತಿದ್ದ ಅಟ್ಟವೇ ಅವನ ಚಿತ್ರಶಾಲೆ. ಬಾಸ್ಟನ್ನಿನ ಪತ್ರಿಕೆಗಳಲ್ಲಿ, ಮಕ್ಕಳ ಚರಿತ್ರೆಯ ಪುಸ್ತಕಗಳಲ್ಲಿ, ಗೋಡೆಯ ಕ್ಯಾಲೆಂಡರುಗಳಲ್ಲಿ ಬರುವ ಪ್ಯೂರಿಟನ್ನರೆಲ್ಲ ಹೆಚ್ಚುಕಡಿಮೆ ಅವನ ಕುಂಚದಿಂದ ಹುಟ್ಟಿದವರು. ಎತ್ತರದ ಟೋಪಿ, ಟೋಪಿಗೊಂದು ಬಕಲು, ಕಂಕುಳಲ್ಲಿ ಬೈಬಲು, ಹೆಗಲಲ್ಲಿ ಬಂದೂಕು, ಮೊಣಕಾಲುದ್ದ ಹಿಮದಲ್ಲಿ ಚರ್ಚಿನ ಕಡೆಗೆ ನಡಿಗೆ. ಅವನ ಪ್ಯೂರಿಟನ್ನರು ಊಟ ಮಾಡಿದ್ದನ್ನು, ಸೀನಿದ್ದನ್ನು, ಮಗುವನ್ನು ಎತ್ತಿಕೊಂಡದ್ದನ್ನು ಕಂಡವರಿಲ್ಲ. ನೋಡಿ ಬರೆಯಲೆಂದು ಅವರು ಹಾಕುವಂಥ ಕಾಲರುಗಳನ್ನು ಅವನು ಪೆಟ್ಟಿಗೆಯಲ್ಲಿಟ್ಟಿದ್ದ. ಅವಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಡುತ್ತಿದ್ದವಳು ಅಬೀನಾ.

ಅಕ್ಟೋಬರಿನ ಒಂದು ಮಧ್ಯಾಹ್ನ ಅವಳು ಕಾಲರಿನ ಬುಟ್ಟಿ ಹಿಡಿದು ಅಟ್ಟ ಹತ್ತಿದಾಗ ಪುರಭವನದ ಚಿತ್ರದ ಮೊದಲ ಕರಡು ಕಿಟಕಿಯ ಬೆಳಕಿನಲ್ಲಿ ನಿಂತಿತ್ತು. ಮೂವರು ಪ್ಯೂರಿಟನ್ ಹೆಂಗಸರು ಹಳ್ಳದ ದಂಡೆಯಲ್ಲಿ ಮಂಡಿಯೂರಿದ್ದರು. ಕಪ್ಪು ಉಡುಪು, ಕತ್ತಿನ ಸುತ್ತ ಸೆಟೆದು ನಿಂತ ಬಿಳಿ ಕಾಲರು, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಉದ್ದ ತೋಳು. ಕಣ್ಣು ಆಕಾಶದ ಕಡೆ. ಬೆರಳ ತುದಿಯಲ್ಲಿ ಒಂದೊಂದು ಕರವಸ್ತ್ರ. ಅಬೀನಾಗೆ ನಗು ತಡೆಯಲಾಗಲಿಲ್ಲ.

"ಏನು ನಗು, ಮಿಸೆಸ್ ಟೂಮಿ?"

"ತಪ್ಪು ತಿಳೀಬೇಡಿ ಮಿಸ್ಟರ್ ವಿನ್ಸ್ಲೇಡ್. ಇವರು ಬಟ್ಟೆ ಒಗೀತಿದಾರೋ, ಬಟ್ಟೆಗೆ ದೀಕ್ಷಾಸ್ನಾನ ಮಾಡಿಸ್ತಿದಾರೋ ಗೊತ್ತಾಗ್ಲಿಲ್ಲ."

ವಿನ್ಸ್ಲೇಡನ ಮುಖ ಕೆಂಪಾಯಿತು. "ಪ್ಯೂರಿಟನ್ ಸ್ತ್ರೀಯರು ಗಂಭೀರವಾಗಿರ್ತಿದ್ರು."

"ಇರ್ಲಿ ಬಿಡಿ, ಯಾರು ಬೇಡ ಅಂದ್ರು? ಆದ್ರೆ ಅದು ಹಡಗಲ್ಲಿ ಮೂರು ತಿಂಗಳು ಮಕ್ಕಳು ವಾಂತಿ ಮಾಡ್ಕೊಂಡ ಬಟ್ಟೆ. ಗಾಂಭೀರ್ಯಕ್ಕೆ ಕೊಳೆ ಬಿಡಲ್ಲ."

ಇನ್ನೊಬ್ಬನಾಗಿದ್ದರೆ ಬುಟ್ಟಿ ಇಟ್ಟು ಹೊರಡು ಅನ್ನುತ್ತಿದ್ದ. ವಿನ್ಸ್ಲೇಡ್ ಪುಕ್ಕಲನಾದರೂ ತನ್ನ ಕೆಲಸದ ಮಟ್ಟಿಗೆ ಕಳ್ಳನಲ್ಲ. ಮೂರು ವಾರದಿಂದ ಆ ಚಿತ್ರ ಸತ್ತು ಬಿದ್ದಿದೆ ಎಂಬುದು ಅವನಿಗೂ ಗೊತ್ತಿತ್ತು. "ಹಾಗಾದ್ರೆ ಹೇಗೆ ಒಗೆದಿರ್ತಾರೆ?" ಎಂದು ಕೇಳಿದ.

ಅಬೀನಾ ಬುಟ್ಟಿ ಕೆಳಗಿಟ್ಟಳು. ಉಡುಪಿನ ತೋಳನ್ನು ಮೊಣಕೈ ದಾಟಿಸಿ ಮಡಚಿದಳು, ಲಂಗದ ಅಂಚು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಮೂಲೆಯಲ್ಲಿದ್ದ ಬಣ್ಣ ಒರೆಸುವ ದಪ್ಪ ಬಟ್ಟೆ ತೆಗೆದು ಹಲಗೆಯ ಮೇಲೆ ಹರವಿದಳು. ಚಿತ್ರ ಬರೆಯುವಾಗ ಕೈ ಊರಿಕೊಳ್ಳಲು ಇಟ್ಟುಕೊಂಡಿದ್ದ ಅವನ ಕೋಲನ್ನೇ ಬಡಿಗೆ ಮಾಡಿಕೊಂಡು ಮಂಡಿಯೂರಿ, ಸೊಂಟದಿಂದ ಬಲ ತಂದು, ಬಡಿದಳು. ಅಟ್ಟದ ಧೂಳು ಎದ್ದಿತು.

"ನಿಮ್ಮೂರಲ್ಲಿ ನಲ್ಲಿ ಬಂದು ಮೂವತ್ತು ವರ್ಷ ಆಯ್ತು, ಅದಕ್ಕೂ ಮುಂಚೆ ಹಿತ್ತಲ ಬಾವಿ. ಹಳ್ಳದಲ್ಲಿ ಒಗೆದ ಹೆಂಗಸು ಒಬ್ಬಳೂ ಉಳಿದಿಲ್ಲ. ನಾನು ಒಗೆದಿದೀನಿ. ನಮ್ಮಮ್ಮ ಬೂದಿನೀರು ಬಸಿದು ಕೊಡೋಳು, ನಾನು ಕಲ್ಲಿನ ಮೇಲೆ ಬಡಿಯೋಳು, ಹತ್ತು ವರ್ಷ. ಇನ್ನೂರ ಎಪ್ಪತ್ತೈದು ವರ್ಷದ ಹಿಂದೇನೂ ಕೊಳೆ ಹೀಗೇ ಹೋಗಿರ್ಬೇಕು."

ವಿನ್ಸ್ಲೇಡ್ ಅವಳ ಮಾತು ಕೇಳುತ್ತಿರಲಿಲ್ಲ. ಅವಳ ತೋಳನ್ನು ನೋಡುತ್ತಿದ್ದ. ಮೊಣಕೈವರೆಗೆ ಬೇಯಿಸಿದ ನಳ್ಳಿಯ ಬಣ್ಣ, ಅಲ್ಲಿಂದ ಮೇಲೆ ಹಾಲಿನ ಬಿಳುಪು. ಒಗೆಯುವ ಸೋಡಾ ಕಚ್ಚಿದ ಗಾಯದ ಕಲೆಗಳು. ಕೈ ಎತ್ತಿದಾಗ ಚರ್ಮದಡಿಯಲ್ಲಿ ಹಗ್ಗದಂತೆ ಸರಿಯುವ ಸ್ನಾಯು. ಅವನು ಇದ್ದಿಲ ಕಡ್ಡಿ ಎತ್ತಿಕೊಂಡು, "ಹಾಗೇ ಇರಿ, ದಯವಿಟ್ಟು ಅಲ್ಲಾಡಬೇಡಿ" ಎಂದ.

ಅಲ್ಲಿಂದ ಪ್ರತಿ ಗುರುವಾರ ಮಧ್ಯಾಹ್ನ ಅವಳು ಅಟ್ಟದಲ್ಲಿ ಪ್ಯೂರಿಟನ್ ಆದಳು. ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ, ಬುಧವಾರ ಹರಿದದ್ದಕ್ಕೆ ಹೊಲಿಗೆ, ಗುರುವಾರವೇ ಸ್ವಲ್ಪ ಬಿಡುವು. ಲಾಂಡ್ರಿಯಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಪೆಗ್ ಲೂಸಿಗೆ ಇದಕ್ಕಿಂತ ದೊಡ್ಡ ತಮಾಷೆ ಆ ವರ್ಷ ಬೇರೆ ಸಿಗಲಿಲ್ಲ.

"ಅಲ್ಲ ಕಣೇ ಅಬೀ, ಫಾದರ್ ಹತ್ರ ಪಾಪನಿವೇದನೆಗೆ ಹೋದಾಗ ಏನಂತ ಹೇಳ್ತೀಯ? ಗುರುವಾರ ಎರಡರಿಂದ ನಾಲ್ಕರ ತನಕ ಪ್ರೊಟೆಸ್ಟೆಂಟ್ ಆಗಿದ್ದೆ ಅಂತಾನಾ?"

"ತೋಳು ಮಾತ್ರ ಪ್ರೊಟೆಸ್ಟೆಂಟ್. ಮಿಕ್ಕಿದ್ದೆಲ್ಲ ಕಾರ್ಕೇ. ನೀನು ಆ ನೀಲಿ ಜಾಸ್ತಿ ಸುರೀಬೇಡ, ಪಾದ್ರಿ ಅಂಗಿ ಆಕಾಶ ಆಗತ್ತೆ."

ಜನವರಿಯಲ್ಲಿ ಚಿತ್ರ ಮುಗಿಯಿತು. ವಿನ್ಸ್ಲೇಡ್ ಅವಳನ್ನು ಕರೆದು ಮುಂದೆ ನಿಲ್ಲಿಸಿದ. ಆಳೆತ್ತರದ ಕ್ಯಾನ್ವಾಸಿನಲ್ಲಿ ಹಳ್ಳ ಹರಿಯುತ್ತಿತ್ತು. ದಂಡೆಯಲ್ಲಿ ಬೂದಿ ಬುಟ್ಟಿ, ಪೊದೆಗಳ ಮೇಲೆ ಒಣಹಾಕಿದ ಅಂಗಿಗಳು, ಕಂದು, ಹಸಿರು, ಇಟ್ಟಿಗೆ ಬಣ್ಣದ ಲಂಗಗಳು. ನಟ್ಟನಡುವೆ ಒಬ್ಬ ಹೆಂಗಸು ಬಡಿಗೆ ಎತ್ತಿದ್ದಾಳೆ. ಎರಡು ತೋಳೂ ಬರಿದು, ಕೆಂಪಗೆ, ಒದ್ದೆಯಾಗಿ, ಬೆಳಗಿನ ಬಿಸಿಲು ಪೂರಾ ಅವುಗಳ ಮೇಲೆಯೇ ಬಿದ್ದಿದೆ. ಅಬೀನಾ ಬಹಳ ಹೊತ್ತು ನಿಂತಳು. ಆ ತೋಳುಗಳನ್ನು ಅವಳು ಇಷ್ಟು ವರ್ಷ ದುಡಿಸಿದ್ದಳು, ಬೈದಿದ್ದಳು, ಚಳಿಗಾಲದಲ್ಲಿ ಕೊಬ್ಬು ಸವರಿ ಮಲಗಿಸಿದ್ದಳು. ಅವು ಚೆನ್ನಾಗಿವೆ ಎಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಎದೆ ತುಂಬುವಷ್ಟು ಹೆಮ್ಮೆಯಾಯಿತು, ಹೆಮ್ಮೆ ಪಾಪವೆಂದು ಗೊತ್ತಿದ್ದೂ ಆಯಿತು.

ಮುಂದಿನ ವಾರ ಸಮಿತಿ ನೋಡಲು ಬಂತು. ಅದರ ಮುಖ್ಯಸ್ಥ ಎಲ್ನೇಥನ್ ಸ್ಪ್ರೇಗ್, ಹಳೆಯ ಚರ್ಚಿನ ಆಡಳಿತ ನೋಡುವ ಡೀಕನ್, ಮುಖ್ಯ ಬೀದಿಯ ಕಬ್ಬಿಣ ಸಾಮಾನಿನ ಅಂಗಡಿಯವನು, ಮೊದಲ ಹಡಗಿನಿಂದ ಇಳಿದ ಸ್ಪ್ರೇಗನಿಂದ ಎಂಟನೆಯ ತಲೆ. ಒಣಗಿದ ಮನುಷ್ಯ, ಆದರೆ ಸುಳ್ಳು ತಿಳಿಯದವನು. ತನ್ನ ಅಂಗಡಿಯ ಮೊಳೆ ಸೊಟ್ಟಗಿದ್ದರೆ ಕೊಳ್ಳುವವನಿಗೆ ತಾನೇ ತೋರಿಸುವಂಥವನು. ಅವನು ಚಿತ್ರವನ್ನು ನೋಡಿ, ಕೆಮ್ಮಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಎರಡು ದಿನಕ್ಕೆ ಸಮಿತಿಯ ಕಾಗದ ಬಂತು: ಚಿತ್ರ ಸೊಗಸಾಗಿದೆ, ಆದರೆ ನಮ್ಮ ಮೂಲಮಾತೆಯರು ಮರ್ಯಾದಸ್ಥರು, ನಾಲ್ಕು ಜನರ ಮುಂದೆ ತೋಳು ಬಿಟ್ಟು ಕೂತವರಲ್ಲ, ಉಡುಪಿನ ತೋಳನ್ನು ಮಣಿಕಟ್ಟಿಗೆ ಇಳಿಸತಕ್ಕದ್ದು.

"ಅರ್ಧ ದಿನದ ಕೆಲಸ," ಎಂದ ವಿನ್ಸ್ಲೇಡ್, ಅವಳ ಕಡೆ ನೋಡದೆ. "ಬಟ್ಟೆ ಮುಚ್ಚಿದ್ರೂ ಒಳಗಿರೋದು ನಿಮ್ಮ ತೋಳೇ ಅಲ್ವಾ?"

"ಹೆಣಕ್ಕೂ ಬಟ್ಟೆ ಮುಚ್ತಾರೆ ಮಿಸ್ಟರ್ ವಿನ್ಸ್ಲೇಡ್. ಒಳಗೆ ಅವರೇ ಇರ್ತಾರೆ."

"ನಾನೇನು ಮಾಡ್ಲಿ ಹೇಳಿ? ಗೋಡೆ ಅವರದು."

"ಕುಂಚ ಯಾರದು?"

ಅವನು ಕುಂಚ ಒರೆಸತೊಡಗಿದ. ಅಬೀನಾ ಶಾಲು ಹೊದ್ದು ಇಳಿದು ಹೋದಳು. ಓಣಿಯುದ್ದಕ್ಕೂ ಅವಳಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಊರು ಅವಳನ್ನು ಇಪ್ಪತ್ತಾರು ವರ್ಷ ನೋಡದೆ ಇದ್ದದ್ದನ್ನು ಅವಳು ಸಹಿಸಿದ್ದಳು, ಅದು ಹವಾಮಾನದಂತೆ ಅಭ್ಯಾಸವಾಗಿತ್ತು. ಒಮ್ಮೆ ಕಣ್ಣುಬಿಟ್ಟು ನೋಡಿ, ಆಮೇಲೆ ಮುಚ್ಚಿಬಿಡಿ ಅಂದದ್ದನ್ನು ಸಹಿಸಲು ಅವಳಿಂದ ಆಗಲಿಲ್ಲ. ಆ ತೋಳು ಗೋಡೆಯ ಮೇಲೆ ಉಳಿಯಬೇಕು. ಬೇರೇನೂ ಅವಳಿಗೆ ಬೇಕಿರಲಿಲ್ಲ.

ಶನಿವಾರ ಸ್ಪ್ರೇಗರ ಮನೆಯ ಬಟ್ಟೆ ಕೊಡುವ ದಿನ. ಅವಳು ಬುಟ್ಟಿಯನ್ನು ಹಿಂಬಾಗಿಲಲ್ಲಿ ಕೊಟ್ಟು, ಮನೆ ಸುತ್ತಿ ಬಂದು, ಮುಂಬಾಗಿಲು ತಟ್ಟಿದಳು. ಡೀಕನ್ನೇ ಬಾಗಿಲು ತೆಗೆದ.

"ಮಿಸೆಸ್ ಟೂಮಿ. ಬುಟ್ಟಿ ಹಿಂದ್ಗಡೆ ಅಲ್ವಾ?"

"ಬುಟ್ಟಿ ಹಿಂದ್ಗಡೆ ಕೊಟ್ಟೆ ಡೀಕನರೇ. ಇದು ನನ್ನ ಮಾತು, ಅದಕ್ಕೆ ಮುಂದ್ಗಡೆ ಬಂದೆ."

ಅವನು ಒಳಗೆ ಕರೆದು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ.

"ತೋಳು ಮುಚ್ಚಿ ಒಗೆಯೋಕಾಗಲ್ಲ ಡೀಕನರೇ. ನಿಮ್ಮ ಮುತ್ತಜ್ಜಿಯರು ಒಗೆದಿದ್ರೆ ಬರೀ ತೋಳಲ್ಲೇ ಒಗೆದಿರ್ಬೇಕು."

"ಅವರು ನಮಗಿಂತ ಕಷ್ಟಸಹಿಷ್ಣುಗಳು. ಮರ್ಯಾದೆಗೋಸ್ಕರ ಎಷ್ಟೋ ಸಹಿಸಿದ್ರು. ಅದು ನನ್ನ ನಂಬಿಕೆ. ನಿಮ್ಮ ಮೇಲೆ ನನಗೆ ಬೇಸರ ಇಲ್ಲ."

"ನಿಮ್ಮ ನಂಬಿಕೆಗೆ ನನ್ನ ತೋಳು ಹೋಗತ್ತಲ್ಲ."

ಡೀಕನ್ ಗಡ್ಡ ಸವರಿಕೊಂಡ. "ಗೋಡೆ ಸಮಿತಿದೂ ಅಲ್ಲ, ನಂದೂ ಅಲ್ಲ. ಊರಿಂದು. ಮಾರ್ಚ್ ಮೊದಲ್ನೇ ಸೋಮವಾರ ಊರಸಭೆ ಇದೆ. ಹತ್ತು ಮತದಾರರ ಸಹಿ ತಂದು ವಿಷಯ ಹಾಕ್ಸಿ. ಊರು ಹೇಳಿದ ಹಾಗೆ ಆಗ್ಲಿ."

ಹೆಂಗಸರಿಗೆ ಆಗ ಮತವಿರಲಿಲ್ಲ. ಅಬೀನಾ ಗ್ಯಾಸ್ ಕಾರ್ಖಾನೆಯ ಬಾಗಿಲಲ್ಲಿ ನಿಂತು ಕಾನ್‌ನ ಹಳೆಯ ಗೆಳೆಯರನ್ನು ಹಿಡಿದಳು. ಪೌರತ್ವ ಸಿಕ್ಕಿದ್ದವರು ಒಂಬತ್ತು ಮಂದಿ ಸಹಿ ಮಾಡಿದರು. ಹತ್ತನೆಯವನು, ತೋಳಿನ ವಿಷಯಕ್ಕೆಲ್ಲ ಹಳೇ ಮನೆತನದ ಯಾಂಕಿಗಳ ಜೊತೆ ಜಗಳ ಯಾಕಮ್ಮ, ಎಂದು ಜಾರಿಕೊಂಡ. ಕೊನೆಯ ದಿನ ಮಧ್ಯಾಹ್ನ ಅವಳು ನೇರವಾಗಿ ಡೀಕನ್ನನ ಅಂಗಡಿಗೆ ಹೋಗಿ ಕಾಗದವನ್ನು ಅವನ ಮುಂದಿಟ್ಟಳು.

"ಒಂಬತ್ತಾಗಿದೆ. ಹತ್ತನೇದು ಎಲ್ಲಿ ಸಿಗತ್ತೆ ಅಂತ ನೀವೇ ಹೇಳಿ."

ಡೀಕನ್ ಒಂಬತ್ತು ಹೆಸರನ್ನೂ ಓದಿದ. ಪೆನ್ನು ಅದ್ದಿ ಹತ್ತನೆಯದಾಗಿ ತನ್ನ ಹೆಸರು ಬರೆದ. "ಕೇಳಬೇಕಾದ ಮಾತನ್ನ ಸಭೆ ಕೇಳ್ಬೇಕು. ಓಟು ಮಾತ್ರ ನಿಮ್ಮ ವಿರುದ್ಧ ಹಾಕ್ತೀನಿ, ತಿಳ್ಕೊಳಿ."

"ತಿಳ್ಕೊಂಡೆ," ಎಂದಳು ಅಬೀನಾ. ಅಂಗಡಿಯಿಂದ ಹೊರಬಂದ ಮೇಲೆ ಅವಳಿಗೆ ಆ ಒಣಕಡ್ಡಿಯ ಮೇಲೆ ಮೊದಲ ಸಲ ಗೌರವ ಹುಟ್ಟಿತು.

ಮಾರ್ಚ್ ಆರರ ಸೋಮವಾರ ಪುರಭವನ ಕಿಕ್ಕಿರಿದಿತ್ತು. ಕೆಳಗೆ ಮತದಾರರಾದ ಗಂಡಸರು, ಮೇಲಿನ ಮೊಗಸಾಲೆಯಲ್ಲಿ ಆತುರಾತುರವಾಗಿ ಬಟ್ಟೆ ಒಣಹಾಕಿ ಬಂದ ಹೆಂಗಸರು. ವೇದಿಕೆಯ ಹಿಂದೆ ಗೋಡೆಗೆ ಒರಗಿಸಿ ಚಿತ್ರ ನಿಲ್ಲಿಸಿದ್ದರು. ವಿನ್ಸ್ಲೇಡ್ ಅದರ ಪಕ್ಕದಲ್ಲಿ, ತಾನೇ ಚಿತ್ರದೊಳಗೆ ಹೋಗಿ ಅಡಗಿಕೊಳ್ಳಬೇಕು ಅನ್ನುವ ಮುಖ ಮಾಡಿಕೊಂಡು ಕೂತಿದ್ದ. ಸಭಾಧ್ಯಕ್ಷ ಓಬೆಡ್ ನೈ, ಹಳೆಯ ಹಡಗಿನ ಕಪ್ತಾನ. ಬೇಲಿ ನೋಡಿಕೊಳ್ಳುವವರ ಆಯ್ಕೆ ಆಯಿತು, ನಾಯಿಗಳ ವಿಷಯ ಆಯಿತು, ಕಡಲಂಚಿನಲ್ಲಿ ಚಿಪ್ಪು ಹೆಕ್ಕುವ ಕೆಸರಿನ ವಿಷಯಕ್ಕೆ ಒಂದು ಗಂಟೆ ಕೂಗಾಟ ಆಯಿತು. ಆಮೇಲೆ ಹತ್ತೊಂಬತ್ತನೆಯ ವಿಷಯ: ಚಿತ್ರದ ಹೆಂಗಸಿನ ತೋಳು ಇದ್ದಂತೆ ಇರಬೇಕೋ, ಮುಚ್ಚಬೇಕೋ.

ಡೀಕನ್ ಎದ್ದು ಸರಳವಾಗಿ, ಚೆನ್ನಾಗಿ ಮಾತಾಡಿದ. ನಮ್ಮ ತಾಯಂದಿರು ಹಸಿದರು, ಹೆಪ್ಪುಗಟ್ಟಿದರು, ಆದರೂ ಮಾನ ಬಿಡಲಿಲ್ಲ, ನಾವು ಅವರ ತೋಳನ್ನು ಬರಿದು ಮಾಡಬಾರದು, ಎಂದ. ಚಪ್ಪಾಳೆ ಬಿತ್ತು. ಅವನ ಹಿಂದೆ ಒಬ್ಬ ವಕೀಲ ಎದ್ದು, ಡೀಕನ್ ಹೇಳದೆ ಬಿಟ್ಟದ್ದನ್ನು ಹೇಳಿದ: "ಬರೀ ತೋಳಿನ ಮಾತಲ್ಲ ಮಹನೀಯರೇ. ಈ ಊರು ಕಟ್ಟಿದವರ ಜಾಗದಲ್ಲಿ ನಿನ್ನೆ ಮೊನ್ನೆ ಹಡಗಿಂದ ಇಳಿದವಳನ್ನ ತಂದು ಕೂರಿಸಿದಾರೆ."

ಮೊಗಸಾಲೆಯಲ್ಲಿ ಅಬೀನಾ ಎದ್ದು ನಿಂತಳು. "ಕಪ್ತಾನರೇ, ಮಾತಾಡೋಕೆ ಅಪ್ಪಣೆ ಬೇಕು."

ಮತವಿಲ್ಲದವರು ಮಾತಾಡಬೇಕಾದರೆ ಸಭೆ ಒಪ್ಪಬೇಕು. ಕಪ್ತಾನ ಕೇಳಿದ. ಒಂಬತ್ತು ಐರಿಶ್ ಗಂಟಲುಗಳು ತೊಂಬತ್ತರಷ್ಟು ಸದ್ದು ಮಾಡಿದವು, ಡೀಕನ್ನೂ ಹೂಂ ಅಂದ. ಅವಳು ಮೆಟ್ಟಿಲಿಳಿದು ನಡುವಿನ ಹಾದಿಯಲ್ಲಿ ನಡೆದು ವೇದಿಕೆಯ ಮುಂದೆ ನಿಂತಳು. ಮೊದಲು ವಕೀಲನ ಕಡೆ ತಿರುಗಿದಳು.

"ಅವರೂ ಹಡಗಿಂದಾನೇ ಇಳಿದದ್ದು ಸಾರ್. ಇಳಿದು ಮೊದಲು ಮಾಡಿದ ಕೆಲಸ ಬಟ್ಟೆ ಒಗೆದದ್ದು. ನಾನು ಬಂದೂ ಅದನ್ನೇ ಮಾಡಿದ್ದು."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ವಕೀಲ ಕೂತ. ಅಬೀನಾ ಡೀಕನ್ನನ ಕಡೆ ತಿರುಗಿದಳು.

"ಡೀಕನರೇ, ಆ ಸೋಮವಾರ ನಾನಿರಲಿಲ್ಲ, ನೀವೂ ಇರಲಿಲ್ಲ. ನೀರು ಇತ್ತು, ಬಟ್ಟೆ ಇತ್ತು. ಎರಡೂ ಇವತ್ತೂ ಇವೆ. ಕೆಳಗಡೆ ಜವಾನನ ಹೆಂಡತಿ ಒಗೀತಿದಾಳೆ, ಆ ತೊಟ್ಟೀನ ಮೇಲೆ ತರ್ಸಿ. ಯಾರಾದ್ರೂ ಉದ್ದ ತೋಳು ಹಾಕ್ಕೊಂಡು ಒಂದೇ ಒಂದು ದುಪ್ಪಟಿ ಜಾಲಿಸಿ ಹಿಂಡಲಿ. ಅಂಗಿ ತೋಳು ಒದ್ದೆ ಆಗ್ದೆ ಉಳಿದ್ರೆ, ಟರ್ಪೆಂಟೈನ್ ತಗೊಂಡು ಚಿತ್ರದಲ್ಲಿರೋ ನನ್ನ ಕೈನ ನಾನೇ ಒರೆಸಿ ಹಾಕ್ತೀನಿ."

ಸಭೆಯಲ್ಲಿ ಗುಜುಗುಜು ಎದ್ದಿತು. ಇದು ಕ್ರಮವೇ ಎಂದು ಒಬ್ಬ ಕೇಳಿದ. ಕಪ್ತಾನ ನೈ ಸುತ್ತಿಗೆ ಕುಟ್ಟಿದ. "ಕಳೆದ ವರ್ಷ ಇದೇ ಸಭೆಗೆ ಹಂದಿ ಹಿಡ್ಕೊಂಡು ಬಂದು ಅಳತೆ ಹಾಕ್ಸಿದ್ರಿ. ತೊಟ್ಟಿಗೇನು ಬಂತು? ತನ್ನಿ."

ಇಬ್ಬರು ಹೊತ್ತು ತಂದರು. ಹಬೆಯಾಡುವ ನೀರು, ಅದರಲ್ಲಿ ಜೋಡಿ ಹಾಸಿಗೆಯ ದಪ್ಪ ದುಪ್ಪಟಿ. ಯಾರು ಮುಂದೆ ಬರುತ್ತಾರೆಂದು ಎಲ್ಲರೂ ಮೊಗಸಾಲೆಯ ಕಡೆ ನೋಡಿದರು. ಡೀಕನ್ ತನ್ನ ಜಾಗದಿಂದ ಎದ್ದು ಬಂದ.

"ಮಾತು ನಂದು. ಪರೀಕ್ಷೆಗೆ ಬೇರೆಯವರನ್ನ ಕಳ್ಸಲ್ಲ," ಎಂದು ಕರೀ ಕೋಟು ಹಾಕಿಕೊಂಡೇ ತೊಟ್ಟಿಯ ಮುಂದೆ ಮಂಡಿಯೂರಿದ.

ಮೊದಲು ಬೆರಳ ತುದಿಯಿಂದ ಎತ್ತಿದ. ಒದ್ದೆ ದುಪ್ಪಟಿ ಬೆರಳ ತುದಿಗೆ ಬರುವ ವಸ್ತುವಲ್ಲ, ಜಾರಿ ತೊಟ್ಟಿಗೆ ಬಿದ್ದು ಅವನ ಎದೆಗೆ ನೀರು ಎರಚಿತು. ಮುಷ್ಟಿಯಲ್ಲಿ ಹಿಡಿದು ಜಾಲಿಸಿದ. ಕಫು ಮುಳುಗಿತು, ಶನಿವಾರ ಅಬೀನಾ ಹಾಕಿಕೊಟ್ಟ ಗಂಜಿ ಕರಗಿ ಅಂಟಾಯಿತು. ಆದರೂ ಹಟ ಬಿಡದೆ ಹಿಂಡಲು ಎದ್ದು ಎರಡೂ ಕೈ ಮೇಲೆತ್ತಿದ. ಒಗೆದವರಿಗೆಲ್ಲ ಮುಂದಿನದು ಗೊತ್ತು. ನೀರು ದುಪ್ಪಟಿಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ತೋಳಿನೊಳಗೆ, ತೋಳಿನಿಂದ ಕಂಕುಳಿಗೆ, ಕಂಕುಳಿಂದ ಸೊಂಟಕ್ಕೆ ಇಳಿಯಿತು. ಡೀಕನ್ ಕೈ ಎತ್ತಿಕೊಂಡು ಹಾಗೇ ನಿಂತ.

ಮೊಗಸಾಲೆಯಿಂದ ಅವನ ಹೆಂಡತಿ ಮೆಹಿಟಬಲ್ ಬಗ್ಗಿ ಕೇಳಿದಳು: "ಎಲ್ನೇಥನ್, ಒಳಗಿನ ಫ್ಲಾನೆಲ್ಲೂ ಒದ್ದೆ ಆಯ್ತಾ?"

"ಆಯ್ತು, ಮೆಹಿಟಬಲ್."

ಪುರಭವನದ ಚಾವಣಿ ಹಾರಿಹೋಗುವಂತೆ ಜನ ನಕ್ಕರು. ಚಿಪ್ಪು ಹೆಕ್ಕುವವರು ಬೆಂಚು ಕುಟ್ಟಿದರು. ಕಪ್ತಾನ ಸುತ್ತಿಗೆ ಕುಟ್ಟಲು ಹೋಗಿ ತಾನೇ ಕಣ್ಣೊರೆಸಿಕೊಂಡ. ಅಬೀನಾ ನಗಲಿಲ್ಲ, ಅವಳು ಡೀಕನ್ನನ ಮುಖ ನೋಡುತ್ತಿದ್ದಳು. ಅವನು ನಗು ತಗ್ಗುವವರೆಗೆ ಕಾದ. ಆಮೇಲೆ ಕೋಟು ಕಳಚಿ ಬೆಂಚಿನ ಮೇಲಿಟ್ಟ, ಕಫಿನ ಗುಂಡಿ ಬಿಚ್ಚಿದ, ಅಂಗಿಯ ತೋಳನ್ನು ಮಡಚಿ ಮಡಚಿ ಮೊಣಕೈ ದಾಟಿಸಿದ. ತೆಳ್ಳಗಿನ ಬಿಳಿ ತೋಳು ಹೊರಬಂತು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜನ ಅಲ್ಲ ಸ್ಪ್ರೇಗರು, ಅದನ್ನು ಒಪ್ಪಲೇಬೇಕು. ದುಪ್ಪಟಿ ಎತ್ತಿಕೊಂಡು ಹಿಂಡತೊಡಗಿದ. ಅಷ್ಟುದ್ದದ್ದು ಒಬ್ಬನಿಂದ ಆಗುವಂಥದ್ದಲ್ಲ. ಅಬೀನಾ ಮುಂದೆ ಹೋಗಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎಳೆದು ತಿರುಗಿಸಿದರು. ನೀರು ಬರಲಿಲ್ಲ, ದುಪ್ಪಟಿ ಸುಮ್ಮನೆ ಹೊರಳಿತು.

"ಹಾಗಲ್ಲ ಡೀಕನರೇ. ನೀವು ನನ್ನ ಕೈ ನೋಡ್ಕೊಂಡು ಅದೇ ಕಡೆಗೆ ತಿರುಗಿಸ್ತಿದೀರಿ. ಎದುರುಬದುರು ನಿಂತಾಗ ನಿಮ್ಮ ಬಲಕ್ಕೆ ನೀವು, ನನ್ನ ಬಲಕ್ಕೆ ನಾನು. ಆಗ್ಲೇ ನೀರು ಇಳಿಯೋದು."

ಅವನು ತನ್ನ ಬಲಕ್ಕೆ ತಿರುಗಿಸಿದ, ಅವಳು ತನ್ನ ಬಲಕ್ಕೆ. ನೀರು ಧೋ ಎಂದು ತೊಟ್ಟಿಗೆ ಸುರಿಯಿತು. ಈ ಸಲ ಯಾರೂ ನಗಲಿಲ್ಲ. ಊರಿನ ಡೀಕನ್ ಮತ್ತು ಬಂದರು ಓಣಿಯ ಅಬೀನಾ ಪುರಭವನದ ನಡುವೆ ನಿಂತು, ಎರಡು ಜೊತೆ ಬರಿ ತೋಳಲ್ಲಿ, ಆ ದುಪ್ಪಟಿಯ ಕೊನೆಯ ಹನಿಯವರೆಗೆ ಹಿಂಡಿದರು.

ಡೀಕನ್ ಒದ್ದೆ ಕೈಯಲ್ಲೇ ಸಭೆಯ ಕಡೆ ತಿರುಗಿದ. ಅವನ ಹಿರಿಯರು ತಪ್ಪು ಮಾಡಿದಾಗ ಚರ್ಚಿನಲ್ಲಿ ಎಲ್ಲರ ಮುಂದೆ ನಿಂತು ಒಪ್ಪಿಕೊಳ್ಳುವ ಪದ್ಧತಿ ಇತ್ತು. ಅದು ಬಿಟ್ಟುಹೋಗಿ ನೂರು ವರ್ಷವಾಗಿತ್ತು. ಅವನು ಆ ರೀತಿಯೇ ನಿಂತ, ತಲೆ ತಗ್ಗಿಸಿ.

"ನಾನು ನಮ್ಮ ತಾಯಂದಿರ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳಿದೀನಿ. ಗೊತ್ತಿಲ್ಲದೆ ಹೇಳಿ ಚಪ್ಪಾಳೆ ಹೊಡೆಸ್ಕೊಂಡೆ. ಅವರು ತೋಳು ಏರಿಸದೆ ಒಗೆದಿರೋಕೆ ಸಾಧ್ಯ ಇಲ್ಲ. ಒಗೆದೇ ಇಲ್ಲ ಅನ್ನೋದಾದ್ರೆ ನಮ್ಮ ಊರಿನ ಕಥೆಯೇ ಸುಳ್ಳು. ಈ ಚಿತ್ರ ನನಗಿಂತ ನಿಜ ಹೇಳ್ತಿದೆ. ಮಿಸೆಸ್ ಟೂಮಿ, ನಿಮಗೂ ನಾನು ತಪ್ಪು ಮಾಡ್ದೆ."

ಅಬೀನಾ ಅವನ ಕೋಟು ಎತ್ತಿಕೊಟ್ಟಳು. "ಆಯ್ತು ಬಿಡಿ ಡೀಕನರೇ. ಆ ಫ್ಲಾನೆಲ್ ಬೇಗ ಬಿಚ್ಚಿ, ನೆಗಡಿ ಆಗತ್ತೆ," ಎಂದಷ್ಟೇ ಅಂದಳು.

ಕಪ್ತಾನ ಮತಕ್ಕೆ ಹಾಕಿದ. ತೋಳು ಇದ್ದಂತೆ ಇರಲಿ ಎನ್ನುವವರು ಕೈ ಎತ್ತಿ ಎಂದ. ಮೊದಲು ಎದ್ದದ್ದು ಡೀಕನ್ನನ ಒದ್ದೆ ಕೈ. ಆಮೇಲೆ ಗ್ಯಾಸ್ ಕಾರ್ಖಾನೆಯ ಕರಿ ಕೈಗಳು, ಚಿಪ್ಪು ಹೆಕ್ಕುವವರ ಸೀಳು ಬಿಟ್ಟ ಕೈಗಳು, ಬ್ಯಾಂಕಿನವರ ಮೆತ್ತನೆಯ ಕೈಗಳು, ಇಡೀ ಸಭಾಂಗಣ. ಮೊಗಸಾಲೆಯಲ್ಲೂ ಕೈಗಳೆದ್ದವು. ಅವು ಲೆಕ್ಕಕ್ಕಿಲ್ಲ ಎಂದು ಕಪ್ತಾನ ಹೇಳಬೇಕಿತ್ತು, ಹೇಳಲಿಲ್ಲ. ವಿರುದ್ಧ ಇರುವವರು ಎಂದಾಗ ವಕೀಲನೊಬ್ಬನೇ ಕೈ ಎತ್ತಿದ, ಅಕ್ಕಪಕ್ಕ ನೋಡಿ ಕಿವಿ ತುರಿಸಿಕೊಂಡವನಂತೆ ಇಳಿಸಿದ. ವಿನ್ಸ್ಲೇಡ್ ಎದ್ದು ಬಂದು ಅಬೀನಾಳ ಕೈ ಕುಲುಕಿದ. "ನಾನೇ ಹೇಳಬೇಕಾದ ಮಾತಾಗಿತ್ತು," ಎಂದ. "ಹೌದು, ಹೇಳಬೇಕಿತ್ತು," ಎಂದಳು ಅವಳು. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ಊರ ಗುಮಾಸ್ತ ಬಾರ್ನಬಸ್ ಕೋಲ್ ದೊಡ್ಡ ಪುಸ್ತಕದ ಮೇಲೆ ಬಗ್ಗಿ ಬರೆಯುತ್ತಿದ್ದ. ಸಭೆಯ ನಡವಳಿಗಳನ್ನು ಊರು ಹುಟ್ಟಿದಂದಿನಿಂದ ಬರೆದಿಡುತ್ತ ಬಂದ ಪುಸ್ತಕಗಳ ಸಾಲಿನಲ್ಲಿ ಅದು ಇತ್ತೀಚಿನದು. ಮತವಿಲ್ಲದವರು ಯಾರಾದರೂ ಮಾತಾಡಿದರೆ ಹೆಸರಿನ ಜೊತೆ ಎಲ್ಲಿಯವರು ಎಂಬುದನ್ನೂ ಬರೆಯಬೇಕೆಂದು ನಿಯಮ. ಅವನು ಪೆನ್ನು ತಡೆದು ತಲೆ ಎತ್ತಿದ.

"ಅಬೀನಾ ಟೂಮಿ, ಬರೆದೆ. ಊರು ಯಾವುದು ಅಂತ ಹಾಕ್ಲಿ? ಕಾರ್ಕ್ ಅನ್ಲಾ, ಐರ್ಲೆಂಡ್ ಅಂದ್ರೆ ಸಾಕಾ?"

"ಇಪ್ಪತ್ತಾರು ವರ್ಷ ಆಯ್ತು ಮಿಸ್ಟರ್ ಕೋಲ್, ಈ ಊರಿನ ಶರ್ಟು ಒಗೆಯೋಕೆ ಶುರು ಮಾಡಿ. ಕಾರ್ಕಲ್ಲಿ ಕೂತು ಇಲ್ಲೀವರೆಗೂ ಕೈ ಚಾಚಿದ್ನಾ?"

ಕೋಲ್ ಸಭಾಧ್ಯಕ್ಷನ ಮುಖ ನೋಡಿದ. ಕಪ್ತಾನ ನೈ ಎದ್ದು ನಿಂತ.

"ಮಿಸೆಸ್ ಟೂಮಿ ಎಲ್ಲಿಯವರು ಅಂತ ಬರೀಬೇಕು, ಅವರೇ ಹೇಳ್ತಾರೆ. ಯಾರದಾದ್ರೂ ತಕರಾರು ಇದ್ರೆ ಈಗ್ಲೇ ಹೇಳಿ."

ಅವನು ಮೂರು ಸಲ ಕೇಳಿದ. ಮುನ್ನೂರು ಜನ ತುಂಬಿದ್ದ ಸಭೆಯಲ್ಲಿ ಡೀಕನ್ನನ ಒದ್ದೆ ಕೋಟಿನಿಂದ ಹನಿ ಬೀಳುವ ಸದ್ದು ಕೇಳಿಸುತ್ತಿತ್ತು. ತಕರಾರು ಬರಲಿಲ್ಲ. ಅಬೀನಾ ಹೇಳಿದಳು. ಕೋಲ್ ಪೆನ್ನು ಅದ್ದಿ ತನ್ನ ದುಂಡಗಿನ ಅಕ್ಷರದಲ್ಲಿ ಬರೆದ, ಶಾಯಿ ಒಣಗಲು ಮರಳು ಉದುರಿಸಿ ಊದಿದ. ಯಾರು ಬೇಕಾದರೂ ಹೋಗಿ ಕೇಳಿದರೆ ಆ ಪುಟ ತೆಗೆದು ತೋರಿಸುತ್ತಾರೆ. ಹತ್ತೊಂಬತ್ತನೆಯ ವಿಷಯದ ಕೆಳಗೆ ಹೀಗಿದೆ: ತೋಳುಗಳು ಇದ್ದಂತೆಯೇ ಇರತಕ್ಕದ್ದು. ಅಪ್ಪಣೆ ಪಡೆದು ಮಾತಾಡಿದವರು, ಅಬೀನಾ ಟೂಮಿ, ಇದೇ ಊರು.